ಸಹಾಯ ಬೇಕು: ಟ್ರೇಲರ್ ಹ್ಯಾಂಡ್ ವಾಲ್ವ್ ಕಿಟ್ ಹಾಕಿದ ಮೇಲೂ ಏರ್ ಲೀಕ್

ಟ್ರ್ಯಾಕ್ಟರ್-ಟ್ರೇಲರ್ ಗಾಡಿ, ಸಿಸ್ಟಮ್ ಪ್ರೆಶರ್ 8 ಬಾರ್. ಸ್ಟಿಯರಿಂಗ್ ಪಕ್ಕದ, ಟ್ರೇಲರ್ ಬ್ರೇಕನ್ನು ಮಾತ್ರ ಕೈಯಿಂದ ಹಾಕುವ ಹ್ಯಾಂಡ್ ವಾಲ್ವ್‌ಗೆ ಹೊಸ ಕಿಟ್ ಹಾಕಿದೆ: ಓ-ರಿಂಗ್‌ಗಳು, ಇನ್ಲೆಟ್-ಎಕ್ಸಾಸ್ಟ್ ವಾಲ್ವ್ (ಗಾಳಿ ಒಳಬಿಡುವ, ಹೊರಬಿಡುವ ಭಾಗ), ರಿಟರ್ನ್ ಸ್ಪ್ರಿಂಗ್. ಚಕ್ರಕ್ಕೆ ಅಡ್ಡ ಕೊಟ್ಟು, ಟ್ಯಾಂಕ್‌ಗಳನ್ನೆಲ್ಲ ಖಾಲಿ ಮಾಡಿಯೇ ಬಿಚ್ಚಿದ್ದು. ರಬ್ಬರ್‌ಗೆ ಡೀಸೆಲ್ ತಾಗಿಸಿಲ್ಲ (ತಾಗಿದರೆ ಉಬ್ಬಿ ಹಿಡಿದುಕೊಳ್ಳುತ್ತೆ), ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದ್ದೇನೆ.

ಲಿವರ್ ಬಿಟ್ಟಾಗ ಎಕ್ಸಾಸ್ಟ್ ಬಾಯಲ್ಲಿ ಸಣ್ಣಗೆ 'ಸುಯ್' ಅಂತಿದೆ. ಸೋಪು ನೀರು ಹಚ್ಚಿದರೆ ನಿಲ್ಲದೆ ಗುಳ್ಳೆ. ಲಿವರ್ ಪೂರ್ತಿ ಎಳೆದರೆ ಬಂದ್. ಅಂದರೆ ಎಕ್ಸಾಸ್ಟ್ ಸೀಟ್ (ವಾಲ್ವ್ ಕೂತು ಗಾಳಿ ತಡೆಯುವ ಅಂಚು) ಸರಿ ಇದೆ, ತಪ್ಪು ಇನ್ಲೆಟ್ ಕಡೆ. ಡಬಲ್ ಚೆಕ್ ವಾಲ್ವ್ (ಫೂಟ್ ಬ್ರೇಕ್, ಹ್ಯಾಂಡ್ ವಾಲ್ವ್ ಎರಡರಲ್ಲಿ ಪ್ರೆಶರ್ ಹೆಚ್ಚಿರುವ ಕಡೆಯ ಗಾಳಿಯನ್ನು ಮಾತ್ರ ಟ್ರೇಲರ್ ಕಡೆ ಬಿಡುವ ವಾಲ್ವ್) ಮೇಲೂ ಅನುಮಾನ ಇತ್ತು, ಆದರೆ ಅದಾಗಿದ್ದರೆ ಫೂಟ್ ಬ್ರೇಕ್ ತುಳಿದಾಗ ಮಾತ್ರ ಲೀಕ್ ಬರಬೇಕು. ಹ್ಯಾಂಡ್ ವಾಲ್ವ್‌ನಿಂದ ಹೊರಡುವ ಡೆಲಿವರಿ ಪೈಪ್ ಬಿಚ್ಚಿ ನೋಡಿದರೂ ಅದೇ ಕತೆ.

ಬಾಡಿಯಲ್ಲಿರುವ ಇನ್ಲೆಟ್ ಸೀಟಿನ ಅಂಚಿಗೆ ಉಗುರು ಆಡಿಸಿದರೆ ಒಂದು ಕಡೆ ಸಣ್ಣ ಗೀರು ಸಿಗುತ್ತೆ, ಬಹುಶಃ ಪೈಪ್‌ನಿಂದ ಬಂದ ತುಕ್ಕಿನ ಚೂರು. ಇದನ್ನು ಲ್ಯಾಪ್ ಮಾಡಿ (ಪೇಸ್ಟ್ ಹಾಕಿ ಉಜ್ಜಿ ನಯ ಮಾಡಿ) ಉಳಿಸಬಹುದಾ, ಇಲ್ಲ ವಾಲ್ವನ್ನೇ ಬದಲಿಸಬೇಕಾ? ಲ್ಯಾಪ್ ಮಾಡಿದವರು ಯಾವ ಗ್ರೇಡ್ ಪೇಸ್ಟ್ ಬಳಸಿದ್ರಿ? ಇನ್ನೊಂದು: ಲಿವರ್ ಅರ್ಧ ಎಳೆಯುವವರೆಗೆ ಗೇಜ್‌ನಲ್ಲಿ ಏನೂ ಇಲ್ಲ, ಆಮೇಲೆ ಒಮ್ಮೆಲೇ 3 ಬಾರ್‌ಗೆ ಹಾರುತ್ತೆ. ಲಿವರ್ ಕೆಳಗಿನ ಕ್ಯಾಮ್ ಸವೆದಿದ್ದಾ, ಶಿಮ್ (ತೆಳು ಬಿಲ್ಲೆ) ಕಮ್ಮಿಯಾ?