ಸಮಸ್ಯೆ: ಊಟದೆಲೆ ಮುಂದೆ ಕಣ್ಣಿಗೆ ನಾಮಕರಣವೈ

ಮಲೆನಾಡಿಗ: ಈ ವಾರದ್ದು ಟೆಲಿಸ್ಕೋಪಿನ ಹೆಸರಿನ ಮೇಲೆ. 1611ರ ಏಪ್ರಿಲ್ 14, ರೋಮ್. ಲಿಂಚೆಯಿ ಎಂಬ ವಿಜ್ಞಾನಿಗಳ ಕೂಟ ಕಟ್ಟಿದ ಫೆಡೆರಿಕೊ ಚೇಸಿ ಗೆಲಿಲಿಯೋಗೆ ಊಟ ಹಾಕಿಸಿದ ರಾತ್ರಿ. ಮೇಲಿನ ಸಾಲೇ ಕೊನೆಯಾಗುವಂತೆ ಬರಲಿ ಪದ್ಯ.

ಪ್ರಾಸಪ್ರಿಯೆ:
ನೋಟವನು ದೂರಕೊಯ್ಯುವ ಕೊಳವೆ ಕಾಣಲಿಕೆ
ಕೂಟ ಸೇರಿತು ರೋಮಿನೊಂದು ಬೆಟ್ಟದ ಮೇಲೆ
ನೀಟಾದ ಗ್ರೀಕ ಪದ ಡೆಮಿಸಿಯಾನಿಯು ಕೊಡಲು
ಊಟದೆಲೆ ಮುಂದೆ ಕಣ್ಣಿಗೆ ನಾಮಕರಣವೈ
ಡೆಮಿಸಿಯಾನಿ ಆ ಊಟದಲ್ಲಿದ್ದ ಗ್ರೀಕ್ ಪಂಡಿತ. 'ಟೆಲೆ' ಅಂದರೆ ದೂರ, 'ಸ್ಕೋಪೈನ್' ಅಂದರೆ ನೋಡು. ಎರಡನ್ನೂ ಮೊದಲ ಸಾಲಲ್ಲೇ ತಂದಿದ್ದೇನೆ, ಗಮನಿಸಿ.

ಲಘುಗುರು: ಮುಂದೆ 'ಗ್ರೀ' ಎಂಬ ಒತ್ತಕ್ಷರ ಇದ್ದಾಗ 'ನೀಟಾದ'ದ 'ದ' ಗುರು, ಅಂದರೆ ಎರಡು ಮಾತ್ರೆ. ಒಂದು ಮಾತ್ರೆ ಜಾಸ್ತಿ. ಹೋದ ಸಲವೂ ಹೀಗೇ ಜಾರಿಸಿದ್ದಿರಿ.

ಪ್ರಾಸಪ್ರಿಯೆ: ಬೇರೆ ಪದದ ಒತ್ತು ಹಿಂದಕ್ಕೆ ಭಾರ ಹಾಕಲೇಬೇಕು ಅನ್ನುವುದು ಸಂಸ್ಕೃತದ ಹಟ. ಬಾಯಿಬಿಟ್ಟು ಓದಿ ನೋಡಿ. ಎಲ್ಲಿ ತಡೆಯುತ್ತದೆ?

ಲಘುಗುರು: ಓದಿದೆ. 'ದ' ಮೇಲೇ ನಾಲಿಗೆ ನಿಲ್ಲುತ್ತದೆ.

ಕಂದಗಿರಿ:
ಆಟಿಕೆಯ ತೆರದಿ ಹಾಲೆಂಡಿನಲಿ ಬಂದಿತ್ತು
ದಾಟಿ ಗಡಿಗಳನು ಹಲಹೆಸರಿನಲಿ ತಿರುಗಿತ್ತು
ನೋಟಕರು ಗುರುವಿನೆಡೆ ಚಂದ್ರರನು ಕಂಡಿರಲು
ಊಟದೆಲೆ ಮುಂದೆ ಕಣ್ಣಿಗೆ ನಾಮಕರಣವೈ
ಗುರು ಅಂದರೆ ಇಲ್ಲಿ ಗ್ರಹ. 1608ರಲ್ಲಿ ಕನ್ನಡಕ ಮಾಡುವ ಲಿಪ್ಪರ್‌ಶೇ ಇದರ ಪೇಟೆಂಟ್ ಹಕ್ಕು ಕೇಳಿದಾಗ ಈ ಪದವೇ ಇರಲಿಲ್ಲ. 1610ರಲ್ಲಿ ಗೆಲಿಲಿಯೋ ಬರೆದದ್ದೂ ಲ್ಯಾಟಿನ್ನಿನ 'ಪರ್ಸ್ಪಿಸಿಲ್ಲಮ್' ಎಂದೇ.

ಮಲೆನಾಡಿಗ: ಚೆನ್ನಾಗಿದೆ.

ಲಘುಗುರು: ಹೂಂ, ಸರಿಯಿದೆ. ಪ್ರಿಯೆಯವರೇ, 'ಯವನ ಪದ' ಅನ್ನಿ. ಅರ್ಥ ಗ್ರೀಕೇ. ಐದೂ ಲಘು, ಒಂದೊಂದೇ ಮಾತ್ರೆ, ತಕರಾರೇ ಇಲ್ಲ.

ಪ್ರಾಸಪ್ರಿಯೆ: ಯವನ ಅಂದರೆ ಅಲೆಕ್ಸಾಂಡರನ ದಂಡು ಕಣ್ಣಿಗೆ ಬರುತ್ತದೆ. ಇಲ್ಲಿರುವುದು ಊಟಕ್ಕೆ ಕೂತ ಪಂಡಿತ.

ಕಂದಗಿರಿ: ಡೆಮಿಸಿಯಾನಿ ಅಯೋನಿಯನ್ ದ್ವೀಪಗಳವನು. ಯವನ ಅನ್ನುವ ಪದ ಬಂದದ್ದೂ ಅಯೋನಿಯಾದಿಂದ. ಹೊಂದುತ್ತದೆ ಅಲ್ವಾ?

ಪ್ರಾಸಪ್ರಿಯೆ: ಇಲ್ಲ. ಅಯೋನಿಯಾ ಇಂದಿನ ಟರ್ಕಿಯ ಕರಾವಳಿ. ದ್ವೀಪಗಳಿರುವುದು ಗ್ರೀಸಿನ ಪಶ್ಚಿಮಕ್ಕೆ. ಗ್ರೀಕಿನಲ್ಲಿ ನಾಡಿನ ಹೆಸರಿಗೆ ದೀರ್ಘ 'ಓ', ದ್ವೀಪಗಳ ಹೆಸರಿಗೆ ಹ್ರಸ್ವ 'ಒ'. ನನ್ನ 'ದ'ಕಾರ ಕಾಯುವವರು ಇದನ್ನೂ ಕಾಯಬೇಕು.

ಲಘುಗುರು: ದ್ವೀಪದ ವಿಷಯ ಒಪ್ಪಿದೆ. ಆದರೆ ಯವನ ಎಲ್ಲ ಗ್ರೀಕರಿಗೂ ಸಲ್ಲುವ ಪದ. ನಿಮ್ಮ 'ದ' ಗುರುವೇ.

ಮಲೆನಾಡಿಗ: ಸಾಕು. ಈ ವಾರ ಕಂದಗಿರಿಯವರದ್ದು. ಮುಂದಿನ ಸಾಲು ಅವರೇ ಕೊಡಲಿ.

ಪ್ರಾಸಪ್ರಿಯೆ: ಅವರ ಪದ್ಯದಲ್ಲಿ ಹೆಸರಿಟ್ಟವನ ಹೆಸರೇ ಇಲ್ಲ!

ಕಂದಗಿರಿ: ತಗೊಳ್ಳಿ: 'ಚಿಕ್ಕ ಕಣ್ಣೆದುರಲ್ಲಿ ನೊಣವೆ ಮದಗಜವಾಯ್ತು'. ಗೆಲಿಲಿಯೋ ಮೈಕ್ರೋಸ್ಕೋಪನ್ನು 'ಒಕ್ಕಿಯೋಲಿನೋ', ಅಂದರೆ ಪುಟ್ಟ ಕಣ್ಣು ಎಂದಿದ್ದ. ಈಗಿನ ಹೆಸರನ್ನು 1625ರಲ್ಲಿ ವೈದ್ಯ ಜೋವಾನಿ ಫಾಬರ್ ಕೊಟ್ಟ, ಟೆಲಿಸ್ಕೋಪಿನ ಅಚ್ಚಿನಲ್ಲೇ.

ಲಘುಗುರು: ಸಾಲಿನ ಎರಡನೇ ಅಕ್ಷರದ 'ಕ್ಕ' ಪ್ರಾಸಕ್ಕೆ ಒಂಟಿ 'ಕ' ತಂದರೆ ನಾನು ಬಿಡುವುದಿಲ್ಲ, ಈಗಲೇ ಹೇಳಿದ್ದೇನೆ.