ಜಠರ ಕ್ಯಾನ್ಸರಿನ ರಿಪೋರ್ಟಿನಲ್ಲಿರುವ ‘ಸಾವಿನ ಪ್ರೊಟೀನ್’ ನಿಜಕ್ಕೂ ಕೋಶವನ್ನು ಸಾಯಿಸುತ್ತದೆಯೇ?

ಮಲೆನಾಡಿಗ (ಪ್ರಶ್ನೆ)

ನಮ್ಮ ಚಿಕ್ಕಪ್ಪನವರಿಗೆ ಜಠರದ ಅಡಿನೋಕಾರ್ಸಿನೋಮಾ ಇದೆಯೆಂದು ಕಳೆದ ತಿಂಗಳು ಬಯಾಪ್ಸಿಯಲ್ಲಿ ಖಚಿತವಾಯಿತು. ರೋಗವು ಯಕೃತ್ತಿಗೂ ಹರಡಿರುವುದರಿಂದ ಆಪರೇಷನ್ ಮಾಡುವ ಹಂತ ದಾಟಿದೆ ಎಂದಿದ್ದಾರೆ. ರಿಪೋರ್ಟಿನ ಕೊನೆಯಲ್ಲಿ ‘ಹರ್2 ನೆಗೆಟಿವ್, ಪಿಡಿ-ಎಲ್1 ಸಿಪಿಎಸ್ 8’ ಎಂದು ಬರೆದಿದೆ. ಪಿಡಿ ಎಂದರೆ ‘ಪ್ರೋಗ್ರಾಮ್ಡ್ ಡೆತ್’ ಎಂದು ತಿಳಿದ ಮೇಲೆ ನನ್ನ ಗೊಂದಲ ಹೆಚ್ಚಾಗಿದೆ. ಕೆಟ್ಟುಹೋದ ಕೋಶವು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ, ಕ್ಯಾನ್ಸರ್ ಕೋಶವು ಆ ಸಾವಿನಿಂದ ತಪ್ಪಿಸಿಕೊಂಡಿರುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ ನೆನಪು. ಹಾಗಾದರೆ ಗೆಡ್ಡೆಯಲ್ಲಿ ಸಾವಿನ ಪ್ರೊಟೀನ್ ಇರುವುದು ಒಳ್ಳೆಯ ಲಕ್ಷಣವೇ ಆಗಬೇಕಲ್ಲವೇ? ವೈದ್ಯರು ಕೀಮೋ ಜೊತೆಗೆ ಅದನ್ನು ತಡೆಯುವ ನಿವೊಲುಮಾಬ್ ಕೊಡೋಣ ಎನ್ನುತ್ತಿರುವುದೇಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಸೂಕ್ಷ್ಮದರ್ಶಕ

ನಿಮ್ಮ ತರ್ಕ ಸರಿಯಾಗಿಯೇ ಇದೆ. ದಾರಿ ತಪ್ಪಿಸುತ್ತಿರುವುದು ಹೆಸರು. 1992ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ತಸುಕು ಹೊಂಜೊ ಅವರ ತಂಡವು, ಸಾಯುತ್ತಿರುವ ರೋಗನಿರೋಧಕ ಕೋಶಗಳಲ್ಲಿ ಯಾವ ಜೀನ್ ಚುರುಕಾಗುತ್ತದೆ ಎಂದು ಹುಡುಕುತ್ತಿದ್ದಾಗ ಒಂದು ಜೀನನ್ನು ಗುರುತಿಸಿ, ಸಾವಿಗೆ ಅದೇ ಕಾರಣವಿರಬಹುದೆಂದು ಎಣಿಸಿ ಪಿಡಿ-1 ಎಂದು ಕರೆಯಿತು. ಆ ಜೀನನ್ನು ತೆಗೆದುಹಾಕಿದ ಇಲಿಗಳ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬಿದ್ದದ್ದು ಕೆಲವು ವರ್ಷಗಳ ಬಳಿಕ ಕಂಡುಬಂದಾಗ, ಅದರ ಮುಖ್ಯ ಕೆಲಸ ಟಿ ಕೋಶಗಳನ್ನು (ಕೆಟ್ಟ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳನ್ನು) ಹತೋಟಿಯಲ್ಲಿಡುವುದು ಎಂಬುದು ಸ್ಪಷ್ಟವಾಯಿತು. ಆ ಹೊತ್ತಿಗೆ ಹೆಸರು ಬೇರೂರಿಬಿಟ್ಟಿತ್ತು. ಹೊಂಜೊ ಅವರಿಗೆ ಜೇಮ್ಸ್ ಆಲಿಸನ್ ಅವರೊಂದಿಗೆ 2018ರ ನೊಬೆಲ್ ಬಂದದ್ದು ರೋಗನಿರೋಧಕ ವ್ಯವಸ್ಥೆಯ ಇಂತಹ ‘ಬ್ರೇಕ್’ಗಳನ್ನು ಸಡಿಲಿಸಿ ಕ್ಯಾನ್ಸರಿಗೆ ಚಿಕಿತ್ಸೆ ನೀಡಬಹುದೆಂದು ತೋರಿಸಿದ್ದಕ್ಕೆ.

ಪಿಡಿ-ಎಲ್1 ಎಂಬುದು ಪಿಡಿ-1 ಎಂಬ ಬ್ರೇಕನ್ನು ಒತ್ತುವ ಪ್ರೊಟೀನ್. ಗೆಡ್ಡೆಯ ಕೋಶಗಳೂ ಸುತ್ತಲಿನ ಕೆಲವು ರೋಗನಿರೋಧಕ ಕೋಶಗಳೂ ಅದನ್ನು ಹೊರಮೈಯಲ್ಲಿ ಧರಿಸಿಕೊಂಡು, ಕೊಲ್ಲಲು ಬಂದ ಟಿ ಕೋಶವನ್ನು ಸುಮ್ಮನಾಗಿಸುತ್ತವೆ. ಹೀಗಾಗಿ ಅದು ಕ್ಯಾನ್ಸರ್ ಕೋಶವನ್ನು ಸಾಯಿಸುವುದಿಲ್ಲ, ಸಾಯದಂತೆ ಕಾಯುತ್ತದೆ. ಸಿಪಿಎಸ್ ಎಂದರೆ ಈ ಪ್ರೊಟೀನಿನ ಬಣ್ಣ ಹಿಡಿದ ಗೆಡ್ಡೆಯ ಕೋಶಗಳು, ಲಿಂಫೋಸೈಟ್ ಮತ್ತು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಒಟ್ಟಿಗೆ ಎಣಿಸಿ, ಜೀವಂತ ಗೆಡ್ಡೆಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದಾಗ ಬರುವ ಅಂಕಿ. ನಿವೊಲುಮಾಬ್ ಟಿ ಕೋಶದ ಮೇಲಿರುವ ಪಿಡಿ-1ಕ್ಕೆ ಅಂಟಿಕೊಂಡು ಈ ಒತ್ತುವಿಕೆಯನ್ನು ತಪ್ಪಿಸುತ್ತದೆ. 2021ರಲ್ಲಿ ಪ್ರಕಟವಾದ ಚೆಕ್‌ಮೇಟ್ 649 ಪ್ರಯೋಗದಲ್ಲಿ, ಸಿಪಿಎಸ್ 5 ಅಥವಾ ಹೆಚ್ಚಿದ್ದವರ ಮಧ್ಯಾಂಕ ಬದುಕುಳಿದ ಅವಧಿ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) ಕೀಮೋ ಮಾತ್ರ ಪಡೆದಾಗ 11.1 ತಿಂಗಳಿದ್ದದ್ದು, ನಿವೊಲುಮಾಬ್ ಸೇರಿಸಿದಾಗ 14.4 ತಿಂಗಳಾಯಿತು. ನಿಮ್ಮ ವೈದ್ಯರ ಸಲಹೆಯ ಹಿಂದೆ ಈ ಲೆಕ್ಕವಿರಬಹುದು. ಮೂರು ತಿಂಗಳು ಎಂಬುದು ಸಣ್ಣ ಅಂಕಿಯಂತೆ ಕಾಣುತ್ತದೆ, ಆದರೆ ಮಧ್ಯಾಂಕದ ಆಚೆಗೆ ದೀರ್ಘಕಾಲ ಚೆನ್ನಾಗಿದ್ದವರೂ ಇದ್ದಾರೆ.

ಎಲೆ ಉದುರುವ ಕಾಲ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಪ್ರಶ್ನೆ ಕೇಳಿದವರು ಪದವಿಯಲ್ಲಿ ಓದಿದ ‘ನಿಜವಾದ’ ಸಾವಿನ ಪ್ರೊಟೀನ್‌ಗಳ ಕಥೆಯೂ ಜಠರದಲ್ಲಿ ಸ್ವಾರಸ್ಯಕರವಾಗಿದೆ. 1972ರಲ್ಲಿ ಕೆರ್, ವೈಲಿ ಮತ್ತು ಕರ‍್ರಿ ಅವರು ಈ ಬಗೆಯ ಸಾವಿಗೆ, ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದದಿಂದ, ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. (ನನ್ನ ಹೆಸರೂ ಅಲ್ಲಿಂದಲೇ ಬಂದದ್ದು.) ಡಿಎನ್‌ಎ ತೀವ್ರವಾಗಿ ಹಾಳಾದಾಗ ಪಿ53 ಎಂಬ ಪ್ರೊಟೀನ್ ಸಾಯುವ ಸೂಚನೆ ನೀಡುತ್ತದೆ, ಬ್ಯಾಕ್ಸ್ ಎಂಬ ಪ್ರೊಟೀನ್ ಮೈಟೊಕಾಂಡ್ರಿಯಾದ ಪೊರೆಯಲ್ಲಿ ರಂಧ್ರ ಮಾಡುತ್ತದೆ, ಅಲ್ಲಿಂದ ಸೋರಿದ ಸೈಟೊಕ್ರೋಮ್ ಸಿ ಕ್ಯಾಸ್ಪೇಸ್ ಕಿಣ್ವಗಳನ್ನು ಎಬ್ಬಿಸುತ್ತದೆ, ಅವು ಕೋಶವನ್ನು ಒಳಗಿನಿಂದ ಕತ್ತರಿಸಿಹಾಕುತ್ತವೆ. ಬಿಸಿಎಲ್-2 ಎಂಬ ಪ್ರೊಟೀನ್ ಮತ್ತು ಅದರ ಬಂಧುಗಳು ಬ್ಯಾಕ್ಸ್‌ನ ಕೈ ಕಟ್ಟಿಹಾಕಿ ಸಾವನ್ನು ತಡೆಯುತ್ತವೆ.

ಜಠರದಲ್ಲಿ ಈ ಸರಪಳಿಗೆ ಮೊದಲು ಕೈಹಾಕುವುದು ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದು ಸ್ರವಿಸುವ ವ್ಯಾಕ್‌ಎ ವಿಷವು ಮೈಟೊಕಾಂಡ್ರಿಯಾ ತಲುಪಿ ಕೋಶವನ್ನು ಸಾಯಿಸುತ್ತದೆ. ಅದೇ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೋಶದೊಳಕ್ಕೆ ಚುಚ್ಚುವ ಕ್ಯಾಗ್‌ಎ ಪ್ರೊಟೀನ್ ಪಿ53 ಬೇಗ ನಾಶವಾಗುವಂತೆ ಮಾಡಿ ಸಾವನ್ನು ತಡೆಯುತ್ತದೆ. ಒಂದೇ ಜೀವಿ ಎರಡೂ ಕೆಲಸ ಮಾಡುವುದು ವಿಚಿತ್ರವೆನಿಸಿದರೂ, ಪರಿಣಾಮವನ್ನು ಯೋಚಿಸಿ ನೋಡಿ: ಒಳಪದರದ ಕೋಶಗಳು ದಶಕಗಳ ಕಾಲ ಸಾಯುತ್ತಲೇ ಇದ್ದರೆ, ಆ ಜಾಗ ತುಂಬಲು ಕಾಂಡಕೋಶಗಳು ಮತ್ತೆ ಮತ್ತೆ ವಿಭಜಿಸಬೇಕಾಗುತ್ತದೆ, ಪ್ರತಿ ವಿಭಜನೆಯಲ್ಲೂ ಒಂದಿಷ್ಟು ತಪ್ಪು ಸೇರುತ್ತದೆ, ಕೊನೆಗೆ ಸಾಯಲು ಒಪ್ಪದ ಕೋಶವೇ ಆಯ್ಕೆಯಾಗುತ್ತದೆ. ಹಾಗಾಗಿ ‘ಕೋಶ ಸಾಯುವುದು ಒಳ್ಳೆಯದು’ ಎಂಬ ಮಾತು ಜಠರದ ಮಟ್ಟಿಗೆ ಅರ್ಧ ಸತ್ಯ ಎಂಬುದು ನನ್ನ ಅಭಿಪ್ರಾಯ.

ಮಲೆನಾಡಿಗ

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಬಿಸಿಎಲ್-2 ಅಥವಾ ಬ್ಯಾಕ್ಸ್ ಪರೀಕ್ಷೆಯನ್ನೂ ಮಾಡಿಸಬೇಕೇ?

ಸೂಕ್ಷ್ಮದರ್ಶಕ

ಬೇಡ. ಅವುಗಳನ್ನು ಗೆಡ್ಡೆಯಲ್ಲಿ ಅಳೆದ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೆಯಾಗುವುದಿಲ್ಲ, ಮತ್ತು ಅವುಗಳ ಆಧಾರದ ಮೇಲೆ ಜಠರ ಕ್ಯಾನ್ಸರಿನಲ್ಲಿ ಚಿಕಿತ್ಸೆ ಬದಲಾಗುವುದಿಲ್ಲ. ಬಿಸಿಎಲ್-2 ಅನ್ನು ತಡೆಯುವ ವೆನೆಟೊಕ್ಲಾಕ್ಸ್ 2016ರಿಂದ ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಬಳಕೆಯಲ್ಲಿದೆ, ಜಠರಕ್ಕಲ್ಲ.

ಕೇಳಬೇಕಾದ ಪರೀಕ್ಷೆ ಬೇರೆಯದು: ಎಂಎಂಆರ್ (ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ), ಅಥವಾ ಎಂಎಸ್‌ಐ (ಅದು ಕೆಟ್ಟಾಗ ಡಿಎನ್‌ಎಯಲ್ಲಿ ಉಳಿಯುವ ಗುರುತು). ಈ ವ್ಯವಸ್ಥೆ ಕೆಟ್ಟಿರುವ ಗೆಡ್ಡೆಗಳು, 2014ರ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅಧ್ಯಯನದ 295 ಜಠರ ಗೆಡ್ಡೆಗಳಲ್ಲಿ ಸುಮಾರು ಶೇ. 22ರಷ್ಟಿದ್ದವು. ಮುಂದುವರಿದ ಹಂತದ ರೋಗಿಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಎರಡೂ ಕಥೆಗಳು ಕೂಡುವುದು ಇಲ್ಲಿಯೇ. ಬ್ಯಾಕ್ಸ್ ಜೀನಿನಲ್ಲಿ ಡಿಎನ್‌ಎಯ ‘ಜಿ’ ಅಕ್ಷರ ಸಾಲಾಗಿ ಎಂಟು ಬಾರಿ ಬರುವ ಒಂದು ತಾಣವಿದೆ. ತಿದ್ದುವವರಿಲ್ಲದಾಗ ಅಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ, ಇಂತಹ ಹಲವು ಗೆಡ್ಡೆಗಳಲ್ಲಿ ಬ್ಯಾಕ್ಸ್ ನಿರುಪಯುಕ್ತವಾಗುತ್ತದೆ. ಇಂಥದೇ ಸಾವಿರಾರು ತಪ್ಪುಗಳಿಂದ ಗೆಡ್ಡೆಯಲ್ಲಿ ಹುಟ್ಟುವ ವಿಕೃತ ಪ್ರೊಟೀನ್‌ಗಳು ಟಿ ಕೋಶಗಳ ಕಣ್ಣಿಗೆ ಬೀಳುತ್ತವೆ. ಆದ್ದರಿಂದಲೇ ಈ ಗೆಡ್ಡೆಗಳು ನಿವೊಲುಮಾಬ್‌ನಂತಹ ಔಷಧಕ್ಕೆ ಉಳಿದವುಗಳಿಗಿಂತ ಚೆನ್ನಾಗಿ ಸ್ಪಂದಿಸುತ್ತವೆ.

ಎಲೆ ಉದುರುವ ಕಾಲ

ಒಂದು ಸೇರ್ಪಡೆ. ಬ್ರೇಕ್ ಸಡಿಲಿಸಿದ ಟಿ ಕೋಶ ಕೊನೆಗೆ ಕೊಲ್ಲುವುದು ಹೇಗೆಂದರೆ, ಗ್ರ್ಯಾನ್‌ಜೈಮ್ ಎಂಬ ಕಿಣ್ವಗಳನ್ನು ಕ್ಯಾನ್ಸರ್ ಕೋಶದೊಳಕ್ಕೆ ಬಿಡುವುದರ ಮೂಲಕ. ಅವು ಒಳಗಿರುವ ಕ್ಯಾಸ್ಪೇಸ್‌ಗಳನ್ನು ನೇರವಾಗಿ ಎಬ್ಬಿಸಬಲ್ಲವು. ಆದ್ದರಿಂದ ಬ್ಯಾಕ್ಸ್ ಕೆಟ್ಟಿದ್ದರೂ ದಾರಿ ಪೂರ್ತಿ ಮುಚ್ಚಿರುವುದಿಲ್ಲ.

ಎಂಎಂಆರ್ ಪರೀಕ್ಷೆಗೆ ಸಾಮಾನ್ಯವಾಗಿ ಹೊಸ ಬಯಾಪ್ಸಿ ಬೇಕಾಗುವುದಿಲ್ಲ. ಹಳೆಯ ಬಯಾಪ್ಸಿಯನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕಿನಲ್ಲಿ ಅಂಗಾಂಶ ಉಳಿದಿದ್ದರೆ ಸಾಕು, ಅದನ್ನು ಲ್ಯಾಬಿನಿಂದ ಕೇಳಿ ಪಡೆಯಬಹುದು. ಒಂದು ವೇಳೆ ದೋಷ ಕಂಡುಬಂದರೆ, ಇದು ವಂಶದಲ್ಲಿ ಬಂದದ್ದೇನೋ ಎಂದು ಮನೆಯವರೆಲ್ಲ ಗಾಬರಿಯಾಗುವುದು ಬೇಡ. ಜಠರದಲ್ಲಿ ಇದು ಹೆಚ್ಚಾಗಿ ತಪ್ಪು ತಿದ್ದುವ ಎಂಎಲ್‌ಎಚ್1 ಜೀನ್ ಗೆಡ್ಡೆಯೊಳಗೇ ಮೌನವಾಗುವುದರಿಂದ ಆಗುತ್ತದೆ. ಹಾಗಲ್ಲದಿದ್ದರೆ ಮಾತ್ರ ಮನೆಯವರ ಪರೀಕ್ಷೆಯ ಮಾತು ಬರುತ್ತದೆ.