ವಕೀಲರ ಕತ್ತರಿ, ವಿಸ್ಟೀರಿಯಾದ ತಕರಾರು

ವಕೀಲರು ತಮ್ಮ ವಿಸ್ಟೀರಿಯಾ ಎಂಬ ಹೂಬಳ್ಳಿಯನ್ನು ಚಳಿಗಾಲದಲ್ಲಿ ಮೊಳಕಾಲೆತ್ತರಕ್ಕೆ ಕತ್ತರಿಸಿ ಹಾಕಿದರೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಡಾಕ್ಟರು ಎದ್ದು ನಿಂತು ಮೌನಾಚರಣೆಗೆ ಕರೆಕೊಟ್ಟರು.

“ಕುಳಿತುಕೊಳ್ಳಿ ಡಾಕ್ಟರೇ, ಬಳ್ಳಿ ಸತ್ತಿಲ್ಲ, ಅದಕ್ಕೆ ಸ್ವಲ್ಪ ಶಿಸ್ತು ಕಲಿಸಿದ್ದೇನೆ ಅಷ್ಟೇ,” ಎಂದರು ವಕೀಲರು.

“ಸತ್ತಿಲ್ಲ ಎಂಬುದೇ ನಿಮ್ಮ ಮುಂದಿನ ಕಷ್ಟ,” ಎಂದರು ಮೇಷ್ಟ್ರು. “ಅಷ್ಟು ಕೆಳಗೆ ಕತ್ತರಿಸಿದರೆ ಅದು ಬೇರಿನಲ್ಲಿ ಕೂಡಿಟ್ಟ ಬಲವನ್ನೆಲ್ಲ ಸುರಿದು ಚಾಟಿಯಂತಹ ಉದ್ದುದ್ದ ಚಿಗುರುಗಳನ್ನು ಚಿಮ್ಮಿಸುತ್ತದೆ, ಆದರೆ ಅವುಗಳಲ್ಲಿ ಹೂವಿರುವುದಿಲ್ಲ. ಈ ವರ್ಷ ಅರಳಬೇಕಾಗಿದ್ದ ಮೊಗ್ಗುಗಳು ಕಳೆದ ಬೇಸಿಗೆಯಲ್ಲಿಯೇ ಹಳೆಯ ಕೊಂಬೆಗಳ ಗಿಡ್ಡ ಕಡ್ಡಿಗಳ ಮೇಲೆ ಕೂತಿದ್ದವು, ಮತ್ತು ನೀವು ತಿಪ್ಪೆಗೆ ಎಸೆದದ್ದು ಅವುಗಳನ್ನೇ.”

“ಅವು ಮೊಗ್ಗುಗಳೆಂಬುದಕ್ಕೆ ಸಾಕ್ಷಿ?”

“ದುಂಡಗೆ ಉಬ್ಬಿರುವುದು ಹೂಮೊಗ್ಗು, ಸಣಕಲಾಗಿ ಚೂಪಾಗಿರುವುದು ಎಲೆಮೊಗ್ಗು. ಕತ್ತರಿಗಿಂತ ಮೊದಲು ಕನ್ನಡಕ ತೆಗೆದುಕೊಂಡು ಹೋಗಿದ್ದರೆ ಸಾಕಿತ್ತು.”

ವಕೀಲರು ಒಂದು ಮೂಟೆ ಯೂರಿಯಾ ಸುರಿದು ರಾಜಿ ಮಾಡಿಕೊಳ್ಳುವ ಪ್ರಸ್ತಾಪವಿಟ್ಟಾಗ ಮೇಷ್ಟ್ರು ಕುರ್ಚಿಯಿಂದ ಅರ್ಧ ಮೇಲೆದ್ದರು. ವಿಸ್ಟೀರಿಯಾ ಬಟಾಣಿಯ ಕುಟುಂಬಕ್ಕೆ ಸೇರಿದ್ದು, ಅದರ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತವೆ, ಮೇಲಿಂದ ಮತ್ತಷ್ಟು ಸುರಿದರೆ ಎಲೆಯ ಕಾಡು ಬೆಳೆದೀತೇ ಹೊರತು ಹೂವು ಬಾರದು ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ತಪ್ಪು ಮಾಡಿದವರಿಗೆಲ್ಲ ಕೂಡಲೇ ಏನಾದರೂ ಮಾಡಿಬಿಡುವ ಚಪಲವಿರುತ್ತದೆ. ಈ ಬಳ್ಳಿಯ ಮಟ್ಟಿಗೆ ಎರಡನೆಯ ಅಪರಾಧ ಹುಟ್ಟುವುದೇ ಅಲ್ಲಿ ಎಂಬುದು ನನ್ನ ಅನಿಸಿಕೆ.

“ಹಾಗಾದರೆ ಚಿಕಿತ್ಸೆ?” ಎಂದರು ಡಾಕ್ಟರು.

“ಬಲವಾದ ಒಂದೆರಡು ಚಿಗುರುಗಳನ್ನು ಮುಂದಿನ ಕಾಂಡವೆಂದು ಆರಿಸಿ ಚಪ್ಪರಕ್ಕೆ ಕಟ್ಟಬೇಕು. ಕಸಿಗಂಟಿನ, ಅಂದರೆ ಕಸಿ ಕೂಡಿಸಿದ ಜಾಗದ, ಕೆಳಗಿನಿಂದ ಬಂದವನ್ನು ಮಾತ್ರ ಬುಡದಲ್ಲೇ ಕಿತ್ತುಹಾಕಬೇಕು, ಏಕೆಂದರೆ ಅವು ನೀವು ಕೊಂಡ ತಳಿಯ ಚಿಗುರುಗಳಲ್ಲ. ಚಪ್ಪರ ತುಂಬಲು ಬೇಡವಾದ ಉಳಿದ ಚಿಗುರುಗಳನ್ನು ನಡುಬೇಸಿಗೆಯಲ್ಲಿ ಐದಾರು ಎಲೆಗಳಿಗೆ ಮೊಟಕುಗೊಳಿಸಿ, ಅವನ್ನೇ ಚಳಿಗಾಲದ ಕೊನೆಗೆ ಎರಡು ಮೂರು ಕಣ್ಣುಗಳಿಗೆ ಸವರಬೇಕು. ಹೂವು ಹಿಡಿಯುವ ಗಿಡ್ಡ ಕಡ್ಡಿಗಳು ಹೀಗೆಯೇ ಮರಳಿ ತಯಾರಾಗುತ್ತವೆ.”

“ಯಾವ ಕಡೆಗೆ ಸುತ್ತಬೇಕು?”

“ಸಾಮಾನ್ಯವಾಗಿ ಮೇಲಿಂದ ನೋಡಿದರೆ ಜಪಾನಿನ ಜಾತಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ, ಚೀನಾದ್ದು ಅದಕ್ಕೆ ವಿರುದ್ಧ.”

“ಇಲ್ಲಿಯೂ ಆ ಎರಡು ದೇಶಗಳಿಗೆ ಒಮ್ಮತವಿಲ್ಲವೇ!” ಎಂದು ವಕೀಲರು ಖುಷಿಪಟ್ಟರು. ಆಮೇಲೆ ಗಂಭೀರವಾಗಿ, ಹೂವು ಮತ್ತೆ ಯಾವಾಗ ಎಂದು ಕೇಳಿದರು.

“ಎರಡು ಮೂರು ವರ್ಷ ಹಿಡಿದೀತು, ಅದಕ್ಕೂ ಹೆಚ್ಚಾದರೆ ಆಶ್ಚರ್ಯವಿಲ್ಲ.”

“ಅಷ್ಟೇ ತಾನೇ?” ವಕೀಲರ ಮುಖ ಅರಳಿತು. “ನನ್ನ ಕಕ್ಷಿದಾರರು ಮೊದಲ ವಿಚಾರಣೆಗೇ ಅದಕ್ಕಿಂತ ಹೆಚ್ಚು ಕಾದಿದ್ದಾರೆ.”